ಹಳೇ ಹ್ಯಾಚ್‌ಬ್ಯಾಕ್‌ನ ಹಿಂದಿನ ವೈಪರ್: ಮೋಟರ್ ಗಟ್ಟಿ, ಕಾಟವೆಲ್ಲ ಶಾಫ್ಟ್‌ನದ್ದು

ಹತ್ತು ವರ್ಷ ದಾಟಿದ ಹ್ಯಾಚ್‌ಬ್ಯಾಕ್‌ನಲ್ಲಿ ಚಿಕ್ಕಮಗಳೂರು, ಮೂಡಿಗೆರೆ ಕಡೆ ಓಡಾಡುವವರಿಗೆ ಹಿಂದಿನ ವೈಪರ್ ಶೋಕಿಯ ಸಾಮಾನಲ್ಲ. ಇಂಥ ಕಾರಿನ ಬೆನ್ನಿಗೆ ಗಾಳಿ ಸುತ್ತಿಕೊಂಡು, ಚಕ್ರ ಎರಚಿದ ಕೆಸರನ್ನೆಲ್ಲ ಗಾಜಿಗೇ ಬಳಿಯುತ್ತದೆ. ಚಾರ್ಮಾಡಿ ಘಾಟಿಯ ಜುಲೈ ಮಳೆಯಲ್ಲಿ ಹಿಂದೆ ಬರುವ ಬಸ್ಸಿನ ಹೆಡ್‌ಲೈಟ್ ಬರೀ ಹಳದಿ ಮಚ್ಚೆ.

ಸಿಟ್ಟು ಬರುವುದು ಇಲ್ಲೇ. ಡಿಸೆಂಬರ್‌ನಿಂದ ಮೇವರೆಗೆ ಸುಮ್ಮನೆ ಕೂತ ವೈಪರ್ ಮೊದಲ ಮಳೆಗೇ ಕೈಕೊಡುತ್ತದೆ. ಗ್ಯಾರೇಜಿನಲ್ಲಿ ಕೇಳಿದರೆ ‘ಮೋಟರ್ ಹೋಗಿದೆ, ಸೆಟ್ಟೇ ಬದಲಾಯಿಸಿ’ ಎನ್ನುತ್ತಾರೆ. ಬಹಳ ಸಲ ಮೋಟರ್ ಹೋಗಿರುವುದಿಲ್ಲ.

ಸ್ವಿಚ್ ಹಾಕಿ ಡಿಕ್ಕಿ ಬಾಗಿಲಿನ ಒಳಗಡೆ ಕೈಯಿಡಿ. ಗುಂಯ್ ಎಂದು ಅದುರಿದರೆ ಕರೆಂಟ್ ಬರುತ್ತಿದೆ, ವೈಪರನ್ನು ತಿರುಗಿಸುವ ಉಕ್ಕಿನ ಕಡ್ಡಿ, ಅಂದರೆ ಶಾಫ್ಟ್, ಜಾಮ್ ಆಗಿದೆ. ತಕ್ಷಣ ಆಫ್ ಮಾಡಿ, ಇಲ್ಲದಿದ್ದರೆ ಕಾಯಿಲ್ ಬಿಸಿಯಾಗಿ ಸುಡುತ್ತದೆ. ಸದ್ದೇ ಇಲ್ಲವೆಂದರೆ ಮೊದಲು ಫ್ಯೂಸ್, ಆಮೇಲೆ ಹಿಂಜ್ ಪಕ್ಕದ ರಬ್ಬರ್ ಕೊಳವೆಯೊಳಗಿನ ವೈರ್ ನೋಡಿ. ಬಾಗಿಲು ತೆರೆದು ಮುಚ್ಚಿ ಮಾಡಿ ಅಲ್ಲೇ ತುಂಡಾಗುವುದು.

ಜಾಮ್ ಆದದ್ದನ್ನು ಬಿಚ್ಚುವ ಮುನ್ನ ಬ್ಲೇಡ್ ನಿಂತ ಜಾಗಕ್ಕೆ ಗಾಜಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ. ಬ್ಲೇಡ್ ಹಿಡಿದ ತೋಳಿನ ಬುಡದ ಕ್ಯಾಪ್ ಎತ್ತಿ ನಟ್ ತೆಗೆದರೂ ತೋಳು ಶಾಫ್ಟಿನ ಹಲ್ಲಿಗೆ ಕಚ್ಚಿಕೊಂಡಿರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟು, ಚಿಕ್ಕ ಎರಡು ಕಾಲಿನ ಪುಲ್ಲರ್‌ನಿಂದ ಎಳೆಯಿರಿ. ಸ್ಕ್ರೂಡ್ರೈವರನ್ನು ಗಾಜಿಗೆ ಆನಿಸಿ ಮೀಟಲೇಬೇಡಿ, ಗಾಜು ಒಂದೇ ಏಟಿಗೆ ಪುಡಿಪುಡಿ. ಒಳಗಿನ ಪ್ಯಾನಲ್ ಕ್ಲಿಪ್ ಬಿಡಿಸಿ, ಕನೆಕ್ಟರ್ ಕಳಚಿ, ಬೋಲ್ಟ್ ಬಿಚ್ಚಿದರೆ ಮೋಟರ್ ಕೈಗೆ ಬರುತ್ತದೆ.

ಶಾಫ್ಟ್ ಹೊರಬರುವ ಕಂಠದಲ್ಲಿ ಸುಣ್ಣದಂಥ ಬಿಳಿ ಪುಡಿ ಕಾಣುತ್ತದೆ. ರೋಗ ಇದೇ. ಮೇಲಿನ ರಬ್ಬರ್ ಬಿರುಕು ಬಿಟ್ಟು ನೀರಿಳಿದು, ಗ್ರೀಸ್ ಒಣಗಿ, ಅಲ್ಯೂಮಿನಿಯಂ ಕಂಠ ತುಕ್ಕು ಹಿಡಿದು ಉಬ್ಬಿ ಉಕ್ಕಿನ ಶಾಫ್ಟನ್ನು ಹಿಡಿದುಕೊಂಡಿರುತ್ತದೆ. ಶಾಫ್ಟನ್ನು ಹಿಡಿದಿಡುವ ಉಂಗುರದಂಥ ಸರ್ಕ್ಲಿಪ್, ವಾಷರ್ ತೆಗೆಯಿರಿ. ಯಾವುದರ ಮೇಲೆ ಯಾವುದಿತ್ತು ಎಂದು ಫೋಟೊ ಇರಲಿ. ಗೇರ್ ಕಡೆಯ ಮುಚ್ಚಳ ಬಿಚ್ಚಿ, ಥ್ರೆಡ್ ಹಾಳಾಗದಂತೆ ನಟ್ಟನ್ನು ತುದಿಗೆ ಹಾಕಿ, ಮೇಲೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ ಶಾಫ್ಟನ್ನು ಹೊರಗೆ ತೆಗೆಯಿರಿ. ಸೀಮೆಎಣ್ಣೆಯಲ್ಲಿ ತೊಳೆದು, 400 ನಂಬರ್ ಎಮರಿ ಪೇಪರ್, ಆಮೇಲೆ 800. ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ತಿರುಗುವವರೆಗೆ ಉಜ್ಜಬೇಕು, ಅದಕ್ಕಿಂತ ಹೆಚ್ಚಲ್ಲ. ಸಡಿಲವಾದರೆ ಮತ್ತೆ ನೀರಿಗೆ ದಾರಿ. ಲಿಥಿಯಂ ಗ್ರೀಸ್ ಹಚ್ಚಿ, ಹೊಸ ಓ-ರಿಂಗ್ (ನೀರು ತಡೆಯುವ ರಬ್ಬರ್ ಉಂಗುರ) ಹಾಕಿ. ತೋಳು ಕೂರಿಸುವ ಮೊದಲು ಮೋಟರನ್ನು ಒಮ್ಮೆ ಓಡಿಸಿ ಆಫ್ ಮಾಡಿ, ಅದು ತನ್ನ ಜಾಗಕ್ಕೆ ಬಂದು ನಿಂತ ಮೇಲೆ ಟೇಪಿನ ಗುರುತಿಗೆ ಬ್ಲೇಡ್ ಹೊಂದಿಸಿ.

ಇಷ್ಟು ಮಾಡಿದ ಮೇಲೆ ಈ ಮೋಟರಿನ ಮೇಲೆ ಗೌರವ ಬರುತ್ತದೆ. ಒಳಗಿನ ಗೇರ್, ಬ್ರಷ್ ಎಲ್ಲ ಇನ್ನೂ ವರ್ಷಗಟ್ಟಲೆ ಬರುವಂತಿರುತ್ತವೆ. ಮೋಸ ಮಾಡಿದ್ದು ಒಂದು ಅಗ್ಗದ ರಬ್ಬರ್. ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಬೇಸಿಗೆಯಲ್ಲೂ ಭಾನುವಾರ ಕಾರು ತೊಳೆಯುವಾಗ ಗಾಜು ಒದ್ದೆಯಿರುವಾಗಲೇ ನಾಲ್ಕು ಸಲ ವೈಪರ್ ಆಡಿಸಿ, ಕ್ಯಾಪ್ ಕೆಳಗೆ ಒಂದು ಹನಿ ಎಣ್ಣೆ ಬಿಟ್ಟರೆ ಜೂನ್‌ನಲ್ಲಿ ತಕರಾರಿಲ್ಲ.

ಜಾಮ್ ಆದ ತೋಳನ್ನು ಕೈಯಲ್ಲಿ ಬಲವಂತವಾಗಿ ಎಳೆದಾಡಬೇಡಿ. ಗೇರ್ ಹಲ್ಲು ಹೋದರೆ ಮೋಟರ್ ಸರಾಗ ತಿರುಗುತ್ತದೆ, ತೋಳು ಮಾತ್ರ ಅಲ್ಲಾಡುವುದಿಲ್ಲ. ಆಗ ಸೆಟ್ ಬದಲಾಯಿಸಲೇಬೇಕು.