47.8ಕ್ಕೆ ನಾಲ್ಕು ದಾರಿ: ಎಸ್‌ಪಿಎಸ್‌ಎಸ್, ಸ್ಟೇಟಾ, ಆರ್, ಪೈಥಾನ್

ಅಂಕಿಅಂಶದ ಸಾಫ್ಟ್‌ವೇರ್ ಕಲಿಯಲು ಹೊರಟವರು ಮೊದಲು ಕೇಳುವುದು 'ಯಾವುದು ಸುಲಭ' ಅಂತ. ಹೇಳುವವರು ತಾವು ಮೊದಲು ಕಲಿತದ್ದರ ಹೆಸರನ್ನೇ ಹೇಳುತ್ತಾರೆ. ಅದಕ್ಕೇ ನಾನು ಒಂದೇ ಲೆಕ್ಕವನ್ನು ನಾಲ್ಕರಲ್ಲೂ ಮಾಡಿ ನೋಡಿದೆ. ಲೆಕ್ಕವೂ ಎಂಥದ್ದು ಅಂದರೆ, ಉತ್ತರ ಮೊದಲೇ ಅಚ್ಚಾಗಿರುವಂಥದ್ದು.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-21ರಲ್ಲಿ ನಡೆಯಿತು. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಅದರ ಹೊಣೆ ಹೊತ್ತಿತ್ತು. ಆ ವರದಿ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ನಾಲ್ಕನೇ ಸಮೀಕ್ಷೆಯಲ್ಲಿ ಇದು ಶೇ 44.8 ಇತ್ತು. ಯಾಕೆ ಏರಿತು ಅನ್ನುವುದು ಬೇರೆಯೇ ಚರ್ಚೆ. ನನಗೆ ಬೇಕಿದ್ದದ್ದು ಆ 47.8. ಹೆಸರು, ವಿಳಾಸ ತೆಗೆದ ಮೂಲ ಫೈಲನ್ನು ಅಧ್ಯಯನದ ಉದ್ದೇಶ ಬರೆದು, ನೋಂದಾಯಿಸಿಕೊಂಡು, ಪುಕ್ಕಟೆ ಪಡೆದೆ. ಫೈಲಿನಲ್ಲಿ ರಕ್ತಹೀನತೆಯ ಮಟ್ಟ ಬರೆದ ಸಿದ್ಧ ಕಾಲಂ ಒಂದಿದೆ. ಅದನ್ನು ಬೇಕೆಂದೇ ಬಿಟ್ಟೆ. ಹಿಮೋಗ್ಲೋಬಿನ್ ಅಳತೆಯಿಂದ ನಾನೇ ಲೆಕ್ಕ ಹಾಕಿ ಆ ಸಂಖ್ಯೆ ಮುಟ್ಟಬೇಕು, ಅಷ್ಟೇ ಆಟ. ಈ ಸಮೀಕ್ಷೆಯ ಲೆಕ್ಕದಲ್ಲಿ ಗರ್ಭಿಣಿಯಲ್ಲದವರಿಗೆ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆ, ಗರ್ಭಿಣಿಯರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ.

ಫೈಲ್ ತೆರೆಯುವುದು

ಇಡೀ ದೇಶದ ಹೆಂಗಸರ ಫೈಲಿನಲ್ಲಿ 7,24,115 ಸಾಲು, ಸಾವಿರಾರು ಕಾಲಂ. ಸಾಮಾನ್ಯ ಲ್ಯಾಪ್‌ಟಾಪಿಗೆ ಇದೇ ಮೊದಲ ಪರೀಕ್ಷೆ. ಎಸ್‌ಪಿಎಸ್‌ಎಸ್ ನಿಧಾನವಾಗಿ, ಆದರೆ ತಕರಾರಿಲ್ಲದೆ ತೆರೆಯಿತು. ಎದುರಿಗೆ ಎಕ್ಸೆಲ್ ಥರದ ಹಾಳೆ, ಮೇಲೆ ಮೆನು. ಹೊಸಬರಿಗೆ ಧೈರ್ಯ ಬರುವುದು ಇಲ್ಲೇ. 1968ರಲ್ಲಿ ಸ್ಟಾನ್‌ಫರ್ಡ್‌ನಲ್ಲಿ ಇದು ಹುಟ್ಟಿದ್ದೇ ಸಮಾಜ ವಿಜ್ಞಾನದವರಿಗಾಗಿ. ನಮ್ಮಲ್ಲಿ ಎಷ್ಟೋ ಪಿಎಚ್‌ಡಿ ಕೋರ್ಸ್‌ವರ್ಕ್‌ಗಳಲ್ಲಿ ಇಂದಿಗೂ ಇದನ್ನೇ ಕಲಿಸುತ್ತಾರೆ.

ಸ್ಟೇಟಾದಲ್ಲಿ ಅಗ್ಗದ ಆವೃತ್ತಿ ಕೊಂಡವರಿಗೆ 2,048 ಕಾಲಂ ದಾಟುವಂತಿಲ್ಲ. ಆದರೆ ಫೈಲ್ ತೆರೆಯುವಾಗಲೇ ಇಂತಿಂಥ ಕಾಲಂ ಮಾತ್ರ ಸಾಕು ಅಂದರೆ ಅಷ್ಟನ್ನೇ ತರುತ್ತದೆ. ಆರ್‌ನಲ್ಲಿ ಹೇವನ್ ಅನ್ನುವ ಪ್ಯಾಕೇಜ್ (ಬೇಕಾದಾಗ ಸೇರಿಸಿಕೊಳ್ಳುವ ಸಿದ್ಧ ಭಾಗ), ಪೈಥಾನ್‌ನಲ್ಲಿ ಪಾಂಡಾಸ್ ಅನ್ನುವ ಅಂಥದ್ದೇ ಒಂದು, ಎರಡೂ ಸ್ಟೇಟಾ ಫೈಲನ್ನೇ ಓದುತ್ತವೆ. ಅಲ್ಲೂ ಬೇಕಾದ ಕಾಲಂ ಹೆಸರಿಸಬಹುದು. ಹೆಸರಿಸದೆ ಇಡೀ ಫೈಲನ್ನು ಎಳೆದರೆ 8 ಜಿಬಿ ಲ್ಯಾಪ್‌ಟಾಪ್ ಒದ್ದಾಡುತ್ತದೆ.

ಖಾಲಿ ಸೆಲ್

ನಿಜವಾದ ಹೋಲಿಕೆ ಶುರುವಾಗುವುದು ಇಲ್ಲಿ. ಯಾವ ತರಗತಿಯಲ್ಲೂ ಇದನ್ನು ಬಿಡಿಸಿ ಹೇಳಿದ್ದು ನನಗೆ ನೆನಪಿಲ್ಲ.

ಎಲ್ಲ ಹೆಂಗಸರೂ ರಕ್ತ ಪರೀಕ್ಷೆಗೆ ಒಪ್ಪುವುದಿಲ್ಲ. ಕೆಲವರು ಆ ಹೊತ್ತಿಗೆ ಮನೆಯಲ್ಲಿ ಇರುವುದಿಲ್ಲ. ಇಂಥವರಿಗೆ ಈ ಮಾದರಿಯ ಸಮೀಕ್ಷೆಗಳಲ್ಲಿ 994, 995ರಂಥ ಸಂಖ್ಯೆ ಹಾಕಿರುತ್ತಾರೆ. ಹಿಮೋಗ್ಲೋಬಿನ್ ಅನ್ನು ಬಿಂದುವಿಲ್ಲದೆ ಬರೆಯುವುದು ಪದ್ಧತಿ, 12.0 ಅಂದರೆ 120. ಹಾಗಾಗಿ ಪರೀಕ್ಷೆಗೆ ಒಪ್ಪದವರ ಹಿಮೋಗ್ಲೋಬಿನ್ 99.5 ಗ್ರಾಂ ಅಂತ ಸಾಫ್ಟ್‌ವೇರ್ ನಂಬುತ್ತದೆ! ಪಾಪ, ಅದಕ್ಕೇನು ಗೊತ್ತು. ನಾಲ್ಕೂ ಇದನ್ನು ನಂಬುತ್ತವೆ. ಇವನ್ನೆಲ್ಲ ಖಾಲಿ ಮಾಡುವುದು ನಮ್ಮ ಕೆಲಸ.

ಖಾಲಿ ಮಾಡಿದ ಮೇಲೆ ಒಂದೊಂದರ ಗುಣ ಬಯಲಾಗುತ್ತದೆ. ಎಲ್ಲದಕ್ಕೂ ಕೇಳಿದ್ದು ಒಂದೇ: 120ಕ್ಕಿಂತ (ಗರ್ಭಿಣಿಯರಾದರೆ 110ಕ್ಕಿಂತ) ಕಡಿಮೆ ಇದ್ದರೆ 1, ಇಲ್ಲದಿದ್ದರೆ 0.

ಸ್ಟೇಟಾಗೆ ಖಾಲಿ ಅಂದರೆ ಎಲ್ಲ ಸಂಖ್ಯೆಗಿಂತ ದೊಡ್ಡದು. ಹಾಗಾಗಿ ಖಾಲಿ ಇರುವವರೆಲ್ಲ 0, ಅಂದರೆ ಆರೋಗ್ಯವಂತರು. ರಕ್ತಹೀನತೆಯ ಪ್ರಮಾಣ ಸದ್ದಿಲ್ಲದೆ ಇಳಿಯುತ್ತದೆ. ಎಸ್‌ಎಎಸ್ ಅನ್ನುವ ಐದನೆಯದೊಂದಿದೆ, ಔಷಧ ಕಂಪನಿಗಳಲ್ಲಿ ಜಾಸ್ತಿ ಬಳಕೆ. ಅದರಲ್ಲಿ ಪೂರ್ತಿ ಉಲ್ಟಾ. ಖಾಲಿ ಅಲ್ಲಿ ಎಲ್ಲಕ್ಕಿಂತ ಚಿಕ್ಕದು, ಖಾಲಿಯವರೆಲ್ಲ ರೋಗಿಗಳು. ಪಾಂಡಾಸ್‌ನಲ್ಲಿ ಖಾಲಿ ಯಾವುದಕ್ಕಿಂತ ಕಡಿಮೆಯೇ, ಹೆಚ್ಚೇ ಅಂತ ಕೇಳಿದರೂ 'ಸುಳ್ಳು' ಅನ್ನುತ್ತದೆ. ಫಲ ಸ್ಟೇಟಾದ್ದೇ: ಖಾಲಿ ಇದ್ದವರು ಆರೋಗ್ಯವಂತರ ಸಾಲಿಗೆ.

ಎಸ್‌ಪಿಎಸ್‌ಎಸ್ ಖಾಲಿಯನ್ನು ಖಾಲಿಯಾಗಿಯೇ ಉಳಿಸುತ್ತದೆ. ಫಲಿತಾಂಶದ ಪಟ್ಟಿಯಲ್ಲಿ ಎಷ್ಟು ಮಂದಿ ಲೆಕ್ಕಕ್ಕೆ ಸಿಕ್ಕರು, ಎಷ್ಟು ಮಂದಿ ಸಿಗಲಿಲ್ಲ ಅಂತ ಬರೆದೂ ತೋರಿಸುತ್ತದೆ. ಇದು ಅದರ ದೊಡ್ಡ ಗುಣ, ಹೊಗಳುವವರು ಕಡಿಮೆ.

ಆರ್ ಇನ್ನೂ ಹಠಮಾರಿ. ಖಾಲಿ ಇರುವ ಒಬ್ಬಳೇ ಒಬ್ಬಳಿದ್ದರೂ ಸರಾಸರಿ ಕೇಳಿದರೆ 'ಎನ್‌ಎ' ಅಂತ ಎರಡಕ್ಷರ ಎಸೆದು ಸುಮ್ನೆ ಕೂರುತ್ತದೆ. ಖಾಲಿಯವರನ್ನು ಬಿಟ್ಟು ಲೆಕ್ಕ ಮಾಡು ಅಂತ ನಾವೇ ಬರೆದು ಕೊಡಬೇಕು. ಮೊದಲ ವಾರ ಇದು ಸಿಕ್ಕಾಪಟ್ಟೆ ಸಿಟ್ಟು ತರಿಸುತ್ತದೆ. ಆದರೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುಣ ನನಗೆ ಕಾಣಲಿಲ್ಲ. ಅದು ತಪ್ಪು ಉತ್ತರ ಕೊಡುವ ಬದಲು ಉತ್ತರವನ್ನೇ ಕೊಡುವುದಿಲ್ಲ. ನನ್ನ ಮತ ಆರ್ ಕಡೆ ವಾಲಿದ್ದು ಇಲ್ಲೇ.

ತೂಕ

ಸಮೀಕ್ಷೆಯಲ್ಲಿ ಒಬ್ಬೊಬ್ಬ ಹೆಂಗಸೂ ಬೇರೆ ಬೇರೆ ಸಂಖ್ಯೆಯ ಜನರನ್ನು ಪ್ರತಿನಿಧಿಸುತ್ತಾಳೆ. ಅದಕ್ಕೊಂದು ತೂಕದ ಕಾಲಂ ಇದೆ, ಹತ್ತು ಲಕ್ಷದಿಂದ ಗುಣಿಸಿ ಇಟ್ಟಿರುತ್ತಾರೆ. ಭಾಗಿಸದೆ ಹಾಗೇ ಎಸ್‌ಪಿಎಸ್‌ಎಸ್‌ಗೆ ಕೊಟ್ಟರೆ ಕರ್ನಾಟಕದ 30,455 ಹೆಂಗಸರು ಸಾವಿರಾರು ಕೋಟಿ ಆಗುತ್ತಾರೆ. ಭೂಮಿಯ ಮೇಲೆ ಅಷ್ಟು ಜನವೇ ಇಲ್ಲ. ಶೇಕಡಾವಾರು ಸರಿಯಾಗೇ ಬರುತ್ತದೆ. ಆದರೆ ಪಿ-ವ್ಯಾಲ್ಯೂ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಂಥ ಫಲ ಆಕಸ್ಮಿಕವಾಗಿ ಬರುವ ಸಾಧ್ಯತೆ) ಎಲ್ಲ ಸೊನ್ನೆ, ಏನನ್ನು ಪರೀಕ್ಷಿಸಿದರೂ 'ಮಹತ್ವದ ವ್ಯತ್ಯಾಸ'. ಎಲ್ಲ ಸಾಲಿನಲ್ಲೂ ಸೊನ್ನೆ ಇರುವ ಪ್ರಬಂಧ ಕಂಡರೆ ನನಗೆ ಈಗ ಅನುಮಾನ ಬರುತ್ತದೆ.

ಭಾಗಿಸಿದರೂ ಪೂರ್ತಿ ಆಗಲಿಲ್ಲ. ಮೊದಲು ಹಳ್ಳಿ ಅಥವಾ ಪಟ್ಟಣದ ಜನಗಣತಿ ಬ್ಲಾಕ್ ಆರಿಸಿ, ಆಮೇಲೆ ಅಲ್ಲಿನ ಮನೆ ಆರಿಸಿದ ಸಮೀಕ್ಷೆ ಇದು. ಒಂದೇ ಹಳ್ಳಿಯವರು ಒಬ್ಬರಿಗೊಬ್ಬರು ಹೋಲುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸ್ಟೇಟಾ ಇಲ್ಲಿ ರಾಜ. ಸಮೀಕ್ಷೆಯ ಸ್ವರೂಪವನ್ನು ಒಂದು ಸಾಲಿನಲ್ಲಿ ಹೇಳಿಬಿಟ್ಟರೆ ಸಾಕು. ಆಮೇಲೆ ಪ್ರತಿ ಆದೇಶದ ಮುಂದೆ 'ಎಸ್‌ವಿವೈ' ಅಂತ ಹಾಕಿದರೆ ಉಳಿದದ್ದು ಅದೇ ನೋಡಿಕೊಳ್ಳುತ್ತದೆ. ಆರ್‌ನಲ್ಲಿ ಥಾಮಸ್ ಲಮ್ಲಿ ಬರೆದ 'ಸರ್ವೇ' ಪ್ಯಾಕೇಜ್ ಅಷ್ಟೇ ಗಟ್ಟಿ, ಬರೆಯುವ ಸಾಲು ಸ್ವಲ್ಪ ಉದ್ದ. ಎಸ್‌ಪಿಎಸ್‌ಎಸ್‌ನಲ್ಲಿ ಇದಕ್ಕೆ 'ಕಾಂಪ್ಲೆಕ್ಸ್ ಸ್ಯಾಂಪಲ್ಸ್' ಅನ್ನುವ ಪ್ರತ್ಯೇಕ ಭಾಗ ಬೇಕು. ಎಲ್ಲ ಕಾಲೇಜಿನ ಪರವಾನಗಿಯಲ್ಲೂ ಅದು ಇರುವುದಿಲ್ಲ. ಪೈಥಾನ್‌ನಲ್ಲಿ ಸರಾಸರಿಯನ್ನು ತೂಕ ಹಾಕಿ ತೆಗೆಯುವುದು ಸಲೀಸು, ಆದರೆ ಅದು ಎಷ್ಟು ಆಚೀಚೆ ಆಗಬಹುದು ಅನ್ನುವ ದೋಷದ ಅಂದಾಜು ತೆಗೆಯುವಾಗ ಕೈ ಕಟ್ಟಿದ ಹಾಗಾಗುತ್ತದೆ. ಇದರಲ್ಲಿ ಆಶ್ಚರ್ಯವೇನಿಲ್ಲ. ವೆಸ್ ಮೆಕಿನ್ನಿ 2008ರಲ್ಲಿ ಪಾಂಡಾಸ್ ಶುರುಮಾಡಿದ್ದು ಹಣಕಾಸು ಕಂಪನಿಯೊಂದರಲ್ಲಿ, ಮನೆಮನೆ ಸಮೀಕ್ಷೆ ಅವರ ತಲೆನೋವಾಗಿರಲಿಲ್ಲ.

ಹೀಗೆಲ್ಲ ಸರಿಮಾಡಿದ ಮೇಲೆ ನಾಲ್ಕೂ 47.8ರ ಹತ್ತಿರಕ್ಕೇ ಬಂದು ನಿಂತವು.

ಎಲ್ಲ ಲೆಕ್ಕಕ್ಕೂ ಹೀಗೆ ಒಮ್ಮತ ಇರುತ್ತದೆ ಅಂದುಕೊಳ್ಳಬೇಡಿ. 10, 20, 30, 40 ಈ ನಾಲ್ಕೇ ಸಂಖ್ಯೆ ಕೊಟ್ಟು ಮೊದಲ ಕ್ವಾರ್ಟೈಲ್, ಅಂದರೆ ಕಾಲು ಭಾಗ ಡೇಟಾ ಯಾವ ಸಂಖ್ಯೆಯ ಕೆಳಗೆ ಬರುತ್ತದೆ ಅಂತ ಕೇಳಿ. ಆರ್ ಮತ್ತು ಪೈಥಾನ್ 17.5 ಅನ್ನುತ್ತವೆ, ಎಸ್‌ಪಿಎಸ್‌ಎಸ್ 12.5, ಸ್ಟೇಟಾದ ಸಾಮಾನ್ಯ ಸಾರಾಂಶ 15. ಯಾವುದೂ ತಪ್ಪಲ್ಲ. ಕ್ವಾರ್ಟೈಲ್ ಲೆಕ್ಕ ಹಾಕುವ ಸೂತ್ರಗಳೇ ಬೇರೆ ಬೇರೆ, ಆರ್ ಒಂದರಲ್ಲೇ ಒಂಬತ್ತು ಬಗೆ ಇವೆ. ಡೇಟಾ ದೊಡ್ಡದಾದರೆ ಈ ವ್ಯತ್ಯಾಸ ಮಾಯ. ಇಪ್ಪತ್ತು ಮಂದಿಯ ಡೇಟಾ ಇಟ್ಟುಕೊಂಡು ಗೈಡ್ ಮತ್ತು ವಿದ್ಯಾರ್ಥಿ ಬೇರೆ ಬೇರೆ ಸಾಫ್ಟ್‌ವೇರ್ ಬಳಸಿದರೆ ಮಾತ್ರ ಜಗಳ ಖಂಡಿತ.

ಮರುದಿನ

ನಿನ್ನೆ ಏನು ಮಾಡಿದೆ ಅಂತ ಇವತ್ತು ಗೊತ್ತಾಗಬೇಕಲ್ವಾ? ಮೆನು ಒತ್ತಿ ಮಾಡಿದ ಕೆಲಸಕ್ಕೆ ನೆನಪೇ ದಾಖಲೆ. ಎಸ್‌ಪಿಎಸ್‌ಎಸ್‌ನ ಪ್ರತಿ ಕಿಟಕಿಯಲ್ಲೂ 'ಓಕೆ' ಪಕ್ಕದಲ್ಲೇ 'ಪೇಸ್ಟ್' ಅನ್ನುವ ಗುಂಡಿ ಇದೆ. ಅದನ್ನು ಒತ್ತಿದರೆ ನೀವು ಮಾಡಹೊರಟದ್ದೆಲ್ಲ ಆದೇಶವಾಗಿ ಬರೆದು ಸಿಗುತ್ತದೆ. ಎಸ್‌ಪಿಎಸ್‌ಎಸ್ ಬಳಸುವ ಗೆಳೆಯರಲ್ಲಿ ಅದನ್ನು ಮುಟ್ಟಿದವರು ವಿರಳ. ಸ್ಟೇಟಾದ ಡೂ-ಫೈಲ್, ಆರ್‌ನ ಸ್ಕ್ರಿಪ್ಟ್ ಎರಡೂ ಆದೇಶಗಳನ್ನು ಸಾಲಾಗಿ ಬರೆದಿಡುವ ಫೈಲುಗಳು, ಈ ವಿಷಯದಲ್ಲಿ ಸಮಸಮ. ಪೈಥಾನ್ ಅನ್ನು ಹೊಸಬರು ಜೂಪಿಟರ್ ನೋಟ್‌ಬುಕ್‌ನಲ್ಲಿ ಕಲಿಯುತ್ತಾರೆ. ಅಲ್ಲಿ ಆದೇಶಗಳನ್ನು ತುಣುಕು ತುಣುಕಾಗಿ ಬರೆದು ಓಡಿಸುವುದು, ಐದನೇ ತುಣುಕನ್ನು ಓಡಿಸಿ ಆಮೇಲೆ ಎರಡನೆಯದನ್ನು ತಿದ್ದಬಹುದು. ಪರದೆಯ ಮೇಲೆ ಕಾಣುವ ಉತ್ತರ ಮೇಲಿಂದ ಕೆಳಕ್ಕೆ ಓಡಿಸಿದಾಗ ಬರುತ್ತದೆ ಅಂತ ಗ್ಯಾರಂಟಿ ಇಲ್ಲ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಆರ್, ಪೈಥಾನ್ ಪುಕ್ಕಟೆ. ಸ್ಟೇಟಾಗೆ ವಿದ್ಯಾರ್ಥಿ ರಿಯಾಯಿತಿ ಇದ್ದರೂ ಜೇಬಿಗೆ ಕೈ ಹಾಕಲೇಬೇಕು. ಎಸ್‌ಪಿಎಸ್‌ಎಸ್ 2009ರಿಂದ ಐಬಿಎಂ ಕೈಯಲ್ಲಿದೆ. ಸ್ವಂತಕ್ಕೆ ಕೊಳ್ಳುವ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ, ಕದ್ದ ಕಾಪಿ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಓಡಾಡುವುದನ್ನು ಕಂಡಿದ್ದೇನೆ. ಅದರ ಬದಲು ಜಮೋವಿ ಹಾಕಿಕೊಳ್ಳಿ. ಅದು ಪುಕ್ಕಟೆ, ನೋಡಲು ಎಸ್‌ಪಿಎಸ್‌ಎಸ್ ಥರವೇ. ಒಳಗೆ ಲೆಕ್ಕ ಮಾಡುವುದು ಆರ್. 'ಸಿಂಟ್ಯಾಕ್ಸ್ ಮೋಡ್' ಆನ್ ಮಾಡಿದರೆ ನೀವು ಮೆನುವಿನಲ್ಲಿ ಒತ್ತಿದ್ದಕ್ಕೆ ಆರ್‌ನ ಆದೇಶ ಪಕ್ಕದಲ್ಲೇ ಕಾಣುತ್ತದೆ. ಇನ್ನೂರು ಮಂದಿಯ ಪ್ರಶ್ನಾವಳಿ ಇಟ್ಟುಕೊಂಡು ಕುಳಿತವರಿಗೆ ನಾನು ಹೇಳುವುದು ಇದನ್ನೇ. ಜಮೋವಿಯಲ್ಲಿ ಶುರುಮಾಡಿ, ಬೇಸರ ಬಂದಾಗ ಆರ್‌ಗೆ ದಾಟಿ.

ಆರ್ ಅನ್ನು ನ್ಯೂಜಿಲೆಂಡ್‌ನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಶುರುಮಾಡಿದರು. 2000ದ ಫೆಬ್ರವರಿ 29ರಂದು ಅದರ 1.0.0 ಆವೃತ್ತಿ ಹೊರಬಂತು. ಇವತ್ತಿಗೂ ಅದರ ದೋಷ ಸೂಚನೆಗಳನ್ನು ಓದಿದರೆ ತಲೆಬುಡ ತಿಳಿಯುವುದಿಲ್ಲ. ಈ ವಿಷಯದಲ್ಲಿ ಸ್ಟೇಟಾ ಬಹಳ ಮೇಲು, ಅದರ ಕೈಪಿಡಿಯಂತೂ ಪಠ್ಯಪುಸ್ತಕಕ್ಕಿಂತ ಚೆನ್ನಾಗಿದೆ. ಕಚೇರಿ ದುಡ್ಡು ಕೊಡುವುದಾದರೆ, ಕೆಲಸವೆಲ್ಲ ಸಮೀಕ್ಷೆಯದ್ದೇ ಆದರೆ, ಸ್ಟೇಟಾ ಕಲಿಯಿರಿ ಅಂತ ಅಳುಕಿಲ್ಲದೆ ಹೇಳುತ್ತೇನೆ. ಬೆಂಗಳೂರಿನ ಐಟಿ ಕಂಪನಿಯಲ್ಲಿ ಡೇಟಾ ಕೆಲಸ ಹುಡುಕುವವರಿಗೆ ಪೈಥಾನ್ ಬೇಕೇ ಬೇಕು, ಅಲ್ಲಿ ಆಯ್ಕೆಯ ಪ್ರಶ್ನೆ ಏಳುವುದಿಲ್ಲ.

ಕನ್ನಡ

ಪಂಚಾಯ್ತಿಯಲ್ಲೋ ಅಂಗನವಾಡಿಯಲ್ಲೋ ತೋರಿಸುವ ಚಿತ್ರಕ್ಕೆ ಇಂಗ್ಲಿಷ್ ಹೆಸರು ಹಾಕಿದರೆ ಏನು ಉಪಯೋಗ? ಹಾಗಾಗಿ ಜಿಲ್ಲೆಗಳ ಹೆಸರನ್ನು ಕನ್ನಡದಲ್ಲೇ ಹಾಕಿ ನೋಡಿದೆ. ಪೈಥಾನ್‌ನ ಚಿತ್ರ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್, ನಾನು ಹಾಕಿಕೊಂಡಿದ್ದ ಆವೃತ್ತಿಯಲ್ಲಿ, ಒತ್ತಕ್ಷರಗಳನ್ನು ಬಿಡಿಸಿ ಹರಡಿತು. ಚಿಕ್ಕಬಳ್ಳಾಪುರದಲ್ಲಿ ಎರಡು ಒತ್ತು, ಎರಡೂ ಹೋದವು. ಆರ್ ಕೂಡ ಮೊದಲು ವಿಂಡೋಸ್‌ನಲ್ಲಿ ಕನ್ನಡ ಕಂಡರೆ ಗೊಂದಲಕ್ಕೆ ಬೀಳುತ್ತಿತ್ತು. 2022ರಲ್ಲಿ ಬಂದ 4.2 ಆವೃತ್ತಿಯಿಂದ ವಿಂಡೋಸ್‌ನಲ್ಲೂ ಯೂನಿಕೋಡ್ ಸಲೀಸಾಯಿತು. 'ರ‍್ಯಾಗ್' ಪ್ಯಾಕೇಜ್ ಹಾಕಿ, ಆರ್ ಬರೆಯಲು ಬಳಸುವ ಆರ್‌ಸ್ಟುಡಿಯೋದ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಬ್ಯಾಕೆಂಡ್ ಅನ್ನು 'ಎಜಿಜಿ' ಮಾಡಿದರೆ ಒತ್ತಕ್ಷರ ಅದರದರ ಜಾಗದಲ್ಲಿ ಕೂರುತ್ತದೆ.

ಮ್ಯಾಪ್ ಮಾಡುವವರಿಗೆ ಇನ್ನೊಂದು ಮಾತು. ಈ ಸಮೀಕ್ಷೆಯಲ್ಲಿ ಕರ್ನಾಟಕಕ್ಕೆ 30 ಜಿಲ್ಲೆ. 2021ರಲ್ಲಿ ಬೇರೆಯಾದ ವಿಜಯನಗರ ಅದರಲ್ಲಿ ಬಳ್ಳಾರಿಯ ಒಳಗೇ ಇದೆ. ಈಗಿನ 31 ಜಿಲ್ಲೆಯ ಮ್ಯಾಪ್ ಫೈಲಿಗೆ ಜೋಡಿಸಿದರೆ ಹೊಸಪೇಟೆ ಸುತ್ತಮುತ್ತ ಖಾಲಿ ಬೀಳುತ್ತದೆ, ಆರ್‌ನಲ್ಲಿ ಚಿತ್ರ ಬರೆಯುವ ಜಿಜಿಪ್ಲಾಟ್ ಅದಕ್ಕೆ ಬೂದು ಬಣ್ಣ ಬಳಿಯುತ್ತದೆ. ಹಳೆಯ 30 ಜಿಲ್ಲೆಯ ಫೈಲನ್ನೇ ಹುಡುಕಿ ಬಳಸಿ.