ಹಳೆಯ ಸಣ್ಣ ಕಾರಿನ ತುಕ್ಕು ಹಿಡಿದ ಬಾಗಿಲು: ಹೊಸ ಹೊರತಗಡೋ, ತೇಪೆಯೋ, ಇಡೀ ಬಾಗಿಲೋ?

ಮೊದಲು ಬಾಗಿಲ ಒಳಗಿನ ಫ್ರೇಮಿನ ಕೆಳ ಅಂಚನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಆಯ್ಕೆ ಅಲ್ಲೇ ಅರ್ಧ ಮುಗಿಯುತ್ತದೆ.

ಖರ್ಚಿನಲ್ಲಿ ತೇಪೆಯೇ ಅಗ್ಗ. ತುಕ್ಕು ಕೆಳಗಿನ ಒಂದೆರಡು ಇಂಚಿಗೆ ಸೀಮಿತವಾಗಿದ್ದರೆ ಅದು ಸಾಕು. ಆದರೆ ಚಪ್ಪಟೆ ತಗಡಿಗೆ ಉದ್ದಕ್ಕೂ ಒಂದೇ ಸಮನೆ ವೆಲ್ಡ್ ಎಳೆದರೆ ಶಾಖಕ್ಕೆ ಅಲೆಯೇಳುತ್ತದೆ. ದೂರದೂರ ಚುಕ್ಕಿ ಹಾಕಿ, ತಣಿಯಲು ಬಿಟ್ಟು, ನಡುವಿನ ಜಾಗ ತುಂಬಬೇಕು.

ಫ್ರೇಮ್ ಗಟ್ಟಿಯಿದ್ದು ಹೊರಮೈ ಹಾಳಾಗಿದ್ದರೆ ಪೂರ್ತಿ ಹೊರತಗಡು ಒಳ್ಳೆಯದು. ಹಳೆಯದರ ಅಂಚು ಫ್ರೇಮಿನ ಮೇಲೆ ಒಳಕ್ಕೆ ಮಡಚಿರುತ್ತದೆ; ಆ ಮಡಿಕೆಯ ಅಂಚನ್ನಷ್ಟೇ ಗ್ರೈಂಡರ್‌ನಲ್ಲಿ ತೇಯ್ದರೆ ತಗಡು ಬಿಡಿಸಿಕೊಳ್ಳುತ್ತದೆ. ಚುಕ್ಕಿಚುಕ್ಕಿಯಾಗಿ ಬೆಸೆದ ಉಳಿದ ಸ್ಪಾಟ್ ವೆಲ್ಡ್‌ಗಳನ್ನು ಡ್ರಿಲ್ ಮಾಡಿ. ಹೊಸದನ್ನು ಕ್ಲಾಂಪ್ ಹಾಕಿ ಬಾಗಿಲನ್ನು ಕಾರಿಗೆ ಕೂರಿಸಿ, ಸುತ್ತಲಿನ ಸಂದು ನೋಡಿದ ಮೇಲೆಯೇ ಅಂಚು ಮಡಚಿ. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ: ಮಡಚಿದ ಮೇಲೆ ಫ್ರೇಮಿನ ತಿರುಚು ಹಾಗೇ ನಿಂತುಬಿಡುತ್ತದೆ. ಹೊರಗಡೆ ಡಾಲಿ (ಸುತ್ತಿಗೆ ಪೆಟ್ಟಿಗೆ ಆನಿಕೆಯಾಗಿ ಹಿಡಿಯುವ ಲೋಹದ ಗಟ್ಟಿ) ಒತ್ತಿಹಿಡಿದು, ಅಂಚಿನುದ್ದಕ್ಕೂ ಮೂರು ನಾಲ್ಕು ಸುತ್ತಿನಲ್ಲಿ ಸ್ವಲ್ಪಸ್ವಲ್ಪವೇ ಬಡಿಯಿರಿ.

ಫ್ರೇಮೂ ಕೊಳೆತಿದ್ದರೆ, ಇಲ್ಲವೇ ಕೀಲಿನ ಜಾಗ ಸೀಳಿದ್ದರೆ, ಇಡೀ ಬಾಗಿಲೇ ಸರಿ. ಕೆಲಸ ಸುಲಭ, ಖರ್ಚು ಹೆಚ್ಚು. ಬಳಸಿದ್ದನ್ನು ಕೊಳ್ಳುವಾಗ ಅದೇ ಕೆಳ ಅಂಚನ್ನು ಚುಚ್ಚಿ ನೋಡಿ, ಕೀಲು, ಬೀಗ ನಿಮ್ಮ ಮಾದರಿಯದೇ ಎಂದು ಖಾತ್ರಿ ಮಾಡಿಕೊಳ್ಳಿ.

ಬಾಳಿಕೆ ಮಾತ್ರ ಮೂರರಲ್ಲೂ ಒಳಗಿನ ರಕ್ಷಣೆಯ ಮೇಲೆ ನಿಂತಿದೆ. ಮಡಿಕೆಯೊಳಗೆ ಜಿಂಕ್ ಪ್ರೈಮರ್, ಬಣ್ಣದ ನಂತರ ಒಳಗೆಲ್ಲ ವ್ಯಾಕ್ಸ್. ನೀರಿಳಿಯುವ ತೂತುಗಳನ್ನು ಸೀಲರ್ ಮುಚ್ಚದಿರಲಿ.