ದಾವಣಗೆರೆಯಲ್ಲಿ ಗಿಟಾರ್ ಕ್ಲಾಸಿಗೆ ಸೇರೋರು ದಯವಿಟ್ಟು ಓದಿ: ನನ್ನ ಗಿಟಾರ್ ಸರಿಯಾಗೇ ಇತ್ತು

ಮೊದಲೇ ಹೇಳಿಬಿಡ್ತೀನಿ, ಕ್ಲಾಸಿನ ಹೆಸರು, ಕಲಿಸಿದವರ ಹೆಸರು ಹಾಕಲ್ಲ. ಕೇಳಿ ಮೆಸೇಜ್ ಮಾಡಬೇಡಿ. ಹೆಸರು ಹಾಕಿ ಜಗಳಕ್ಕೆ ನಿಲ್ಲೋ ಶಕ್ತಿ ನನಗಿಲ್ಲ. ಆದರೆ ಸುಮ್ಮನಿರೋಕೂ ಆಗ್ತಿಲ್ಲ. ಎರಡು ವಾರ ಆಯ್ತು, ರಾತ್ರಿ ಮಲಗಿದರೆ ಕಲಿಸಿದವರು ನನ್ನ ಗಿಟಾರಿನ ನೆಕ್ (ಬೆರಳಿಂದ ತಂತಿ ಒತ್ತೋ ಉದ್ದನೆ ಕತ್ತು) ಬಗ್ಗೆ ಹೇಳಿದ ಅದೇ ಮಾತು ಕಿವಿಯಲ್ಲಿ ಬರುತ್ತೆ, "ನೆಕ್ ಬೆಂಡ್ ಆಗಿದೆ ಅಣ್ಣ."

ನಾನು ಮಂಡಿಪೇಟೆ ಕಡೆ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯೋನು. ವಯಸ್ಸು 36. ನಮ್ಮಕ್ಕ ಕೆಲಸಕ್ಕೆ ಸೇರಿದ ಹೊಸದರಲ್ಲಿ 4,500 ಕೊಟ್ಟು ನನಗೊಂದು ಗಿಟಾರ್ ತಂದುಕೊಟ್ಟಿದ್ದಳು. ಅದು ಬೀರು ಮೇಲೆ ಎಷ್ಟೋ ವರ್ಷ ಹಾಗೇ ಇತ್ತು. ಅಕ್ಕನ ಮಗಳು ಅಕ್ಷರ ಕಲಿಯುವಾಗ ಕೈವಾರದ ಮೊನೆಯಿಂದ ಅದರ ಹಿಂಭಾಗದಲ್ಲಿ ಒಂದು "ಅ" ಗೀಚಿದ್ದಳು. ಈ "ಅ" ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಹೋದ ವರ್ಷ ಒಂದು ಜಾಹೀರಾತು ನೋಡಿದೆ. ಫೇಮಸ್ ಹಾಡುಗಳ ರಿಫ್ (ಹಾಡಲ್ಲಿ ಮತ್ತೆ ಮತ್ತೆ ಬರೋ ಚಿಕ್ಕ ಗಿಟಾರ್ ತುಣುಕು) ಮೂಲಕ ಗಿಟಾರ್, ಜೊತೆಗೆ ಪೂರ್ತಿ ಥಿಯರಿ, 3 ತಿಂಗಳು, 9,000, ಮುಂಗಡ. ಬರೀ ಸರಿಗಮ ತಿದ್ದೋಕೆ ನನಗೆ ಈ ವಯಸ್ಸಲ್ಲಿ ತಾಳ್ಮೆ ಇಲ್ಲ, ಗೊತ್ತಿರೋ ಹಾಡಿಂದಾನೇ ಕಲಿತರೆ ಉಳಿಯುತ್ತೆ ಅನ್ನಿಸ್ತು. ಆ ದಾರಿ ತಪ್ಪಲ್ಲ, ಈಗಲೂ ಹೇಳ್ತೀನಿ, ತಪ್ಪಲ್ಲ. ರಿಫ್ ಅಂದರೆ ಹಾಡಿನ ಗುರುತು. ಎರಡು ಸೆಕೆಂಡ್ ಕೇಳಿದರೆ ಸಾಕು, ಯಾವ ಹಾಡು ಅಂತ ಗೊತ್ತಾಗುತ್ತೆ. ಅದನ್ನ ಬಿಡಿಸಿ ನೋಡಿದರೆ ಸ್ಕೇಲು (ಸ್ವರಗಳ ಸಾಲು), ಕಾರ್ಡು (ಒಟ್ಟಿಗೆ ನುಡಿಸೋ ಸ್ವರಗಳು) ಎಲ್ಲಾ ಅದರೊಳಗೇ ಇರುತ್ತೆ. ಬಿಡಿಸಿ ತೋರಿಸೋರು ಬೇಕು ಅಷ್ಟೇ.

ಮೊದಲ ತಿಂಗಳು ಚೆನ್ನಾಗೇ ಹೋಯ್ತು. ಡೀಪ್ ಪರ್ಪಲ್ ಬ್ಯಾಂಡಿನ 1972ರ ಸ್ಮೋಕ್ ಆನ್ ದ ವಾಟರ್. ನಾಲ್ಕನೇ ತಂತಿ, ಮೂರನೇ ತಂತಿ ಒಟ್ಟಿಗೆ ಮೀಟಬೇಕು. ಖಾಲಿ ಅಂದರೆ ಬೆರಳು ಒತ್ತದೆ, ಅಂಕಿ ಅಂದರೆ ಎಷ್ಟನೇ ಫ್ರೆಟ್ಟಲ್ಲಿ (ನೆಕ್ ಮೇಲಿನ ಅಡ್ಡ ಪಟ್ಟಿ) ಒತ್ತಬೇಕು ಅಂತ. ಖಾಲಿ, 3, 5. ಖಾಲಿ, 3, 6, 5. ಶುರು ಇಷ್ಟೇ. ಫೋನಲ್ಲಿ ಮೂಲ ಹಾಡು ಹಾಕಿ ಜೊತೆಗೆ ನುಡಿಸಿದರೆ ಕೂತುಬಿಡ್ತು. ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ನುಡಿಸಿ ತೋರಿಸಿದೆ, ಅವಳು ಅತ್ತೇಬಿಟ್ಟಳು. ಅದೇ ಹಳೇ ಗಿಟಾರಲ್ಲಿ. ಅದೇ ನೆಕ್‌ನಲ್ಲಿ!

ಎರಡನೇ ತಿಂಗಳು ಗನ್ಸ್ ಎನ್ ರೋಸಸ್ ಅವರ ಸ್ವೀಟ್ ಚೈಲ್ಡ್ ಓ ಮೈನ್ ಶುರು ಮಾಡಿಸಿದರು. 1987ರ ಹಾಡು, ಗಿಟಾರ್ ಹಿಡಿದೋರಿಗೆಲ್ಲ ಅದರ ಮೇಲೆ ಆಸೆ. ನಾಲ್ಕನೇ ತಂತಿಯ 12ನೇ ಫ್ರೆಟ್ಟಿಂದ ಶುರು, ಅದು ಡಿ ಸ್ವರ. ಅಲ್ಲಿಂದ 15ನೇ ಫ್ರೆಟ್ ತನಕ ಹೋಗಬೇಕು. ಬೆರಳು ಕೂರೋಕೆ ಮೂರು ವಾರ ಹಿಡಿಯಿತು. ಅಂಗಡಿಯಲ್ಲಿ ಲೆಕ್ಕದ ಪುಸ್ತಕದ ಅಂಚಿನ ಮೇಲೂ ಬೆರಳು ಆಡಿಸ್ತಿದ್ದೆ. ಒಬ್ಬನೇ ನುಡಿಸಿದರೆ ಸರಿಯಾಗೇ ಕೇಳುತ್ತೆ. ಫೋನಲ್ಲಿ ಹಾಡು ಹಾಕಿ ಜೊತೆಗೆ ನುಡಿಸಿದರೆ ಮಾತ್ರ ಹಲ್ಲು ಜುಂ ಅನ್ನೋ ಹಂಗೆ ಅಪಸ್ವರ. ಟ್ಯೂನರ್ (ತಂತಿಯ ಶ್ರುತಿ ಸರಿ ಇದೆಯಾ ಅಂತ ತೋರಿಸೋ ಚಿಕ್ಕ ಯಂತ್ರ) ಸಿಕ್ಕಿಸಿ ನೋಡಿದರೆ ಆರೂ ತಂತಿ ಹಸಿರು ತೋರಿಸುತ್ತೆ. ಮತ್ತೆ ನುಡಿಸ್ತೀನಿ, ಮತ್ತೆ ಅಪಸ್ವರ.

ಕ್ಲಾಸಲ್ಲಿ ಕೇಳಿದೆ. ಕಲಿಸೋರು ನನಗಿಂತ ಹತ್ತು ವರ್ಷ ಚಿಕ್ಕವರು, ಆದರೂ ನಾನು ಸರ್ ಅಂತಾನೇ ಕರೀತಿದ್ದೆ. ಗಿಟಾರ್ ಎತ್ತಿ ಒಂದು ಕಣ್ಣು ಮುಚ್ಚಿ ನೆಕ್ ಉದ್ದಕ್ಕೂ ನೋಡಿದರು. "ನೆಕ್ ಬೆಂಡ್ ಆಗಿದೆ ಅಣ್ಣ. ಇದರಲ್ಲಿ ಎಷ್ಟು ವರ್ಷ ನುಡಿಸಿದರೂ ಹಿಂಗೇ" ಅಂದರು. 15ನೇ ಫ್ರೆಟ್ಟಿಗೆ ಕೈ ಸಲೀಸಾಗಿ ಎಟುಕಲ್ಲ ಅಂತಾನೂ ತೋರಿಸಿದರು. ಅದು ನಿಜಾನೇ, ಆ ಗಿಟಾರ್ ಬಾಡಿ 14ನೇ ಫ್ರೆಟ್ಟಿಗೇ ಸೇರ್ಕೊಳ್ಳುತ್ತೆ. ಒಂದು ನಿಜ ತೋರಿಸಿದರು, ಅದರ ಜೊತೆ ಇನ್ನೊಂದು ಸುಳ್ಳನ್ನೂ ನಂಬಿಬಿಟ್ಟೆ.

ಅವರ ಹತ್ತಿರಾನೇ ಒಂದು ಹೊಸ ಗಿಟಾರ್ ಇತ್ತು. 16,500. ಹಳೇದಕ್ಕೆ 1,000 ಎಕ್ಸ್‌ಚೇಂಜ್. ದೀಪಾವಳಿ ಬೋನಸ್ ಪೂರ್ತಿ ಅದಕ್ಕೇ ಹೋಯ್ತು. ಬಿಲ್ ಕೇಳಿದ್ದಕ್ಕೆ "ನಮ್ಮ ನಿಮ್ಮ ಮಧ್ಯೆ ಬಿಲ್ ಏನಣ್ಣ" ಅಂದರು. ಬೆಳಗಿಂದ ಸಂಜೆ ತನಕ ಬಿಲ್ ಬರೆಯೋ ಮನುಷ್ಯ ನಾನು. ಬಿಲ್ ಇಲ್ಲದೆ 15,500 ಎಣಿಸಿ ಕೊಟ್ಟು ಬಂದೆ. ಇದನ್ನ ಬರೆಯೋಕೂ ನಾಚಿಕೆ ಆಗುತ್ತೆ. ಅದೇ ಮಾಡೆಲ್ ಆನ್‌ಲೈನಲ್ಲಿ 8,900ಕ್ಕೆ ಇದೆ ಅಂತ ಆಮೇಲೆ ಗೊತ್ತಾಯ್ತು.

ಮನೆಗೆ ತಂದು ಹಾಡು ಹಾಕಿದೆ, ಜೊತೆಗೆ ನುಡಿಸಿದೆ. ಅದೇ ಅಪಸ್ವರ. ಚೂರೂ ವ್ಯತ್ಯಾಸ ಇಲ್ಲ!

ಮತ್ತೆ ಕೇಳಿದೆ. "ಈಗ ಗಿಟಾರ್ ಸರಿ ಇದೆ ಅಣ್ಣ, ನಿಮ್ಮ ಕಿವಿ ಇನ್ನೂ ಪಳಗಿಲ್ಲ" ಅಂದರು. ನಾನು ಅದನ್ನೂ ನಂಬಿದೆ. ಒಂದು ತಿಂಗಳು ನನ್ನ ಕಿವೀನೇ ಸರಿ ಇಲ್ಲ ಅಂದ್ಕೊಂಡಿದ್ದೆ.

ನಮ್ಮ ಓಣಿಯಲ್ಲಿ ಶನಿವಾರ ಭಜನೆ ಇರುತ್ತೆ. ಅಲ್ಲಿ ಹಾರ್ಮೋನಿಯಂ ಬಾರಿಸೋ ಅಜ್ಜ ಒಬ್ಬರಿದ್ದಾರೆ, ಹಿಂದೆ ದುಗ್ಗಮ್ಮನ ಜಾತ್ರೆಗೆ ಬರ್ತಿದ್ದ ನಾಟಕ ಕಂಪನಿಗಳಿಗೆ ಬಾರಿಸಿದ ಕೈ. ಒಂದು ದಿನ ನಾನು ಕಟ್ಟೆ ಮೇಲೆ ಕೂತು ಒದ್ದಾಡ್ತಿದ್ದೆ. ಬಂದು ಪಕ್ಕದಲ್ಲಿ ಕೂತರು. "ಆ ಹಾಡು ಇನ್ನೊಂದು ಸಲ ಹಾಕು ತಮ್ಮ" ಅಂದರು. ಇಂಗ್ಲಿಷ್ ಹಾಡು, ಅವರು ಹುಟ್ಟಿದಾಗಿಂದ ಕೇಳಿಲ್ಲ. ಅರ್ಧ ನಿಮಿಷ ಕೇಳಿ, ಒಳಗಿಂದ ಪೆಟ್ಟಿಗೆ ತರಿಸಿ, ಒಂದು ಮನೆ ಒತ್ತಿ ಹಿಡಿದರು. "ಹಾಡು ಕರಿ ಒಂದರಾಗೆ ಐತಿ. ನೀನು ಬಿಳಿ ಎರಡರಾಗೆ ನುಡಿಸಾಕ ಹತ್ತೀಯ. ಹೆಂಗ್ ಕೂಡುತ್ತೆ? ಒಂದು ಮನೆ ಹಿಂದಕ್ಕೆ ಸರಿ."

ಕರಿ ಒಂದು ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಸಿ ಶಾರ್ಪ್. ಬಿಳಿ ಎರಡು ಅಂದರೆ ಎರಡನೇ ಬಿಳಿ ಮನೆ, ಡಿ. ಈ ರಿಫ್‌ನಲ್ಲಿ ಖಾಲಿ ತಂತಿ ಒಂದೂ ಇಲ್ಲ, ಹಾಗಾಗಿ 12ರ ಬದಲು 11ನೇ ಫ್ರೆಟ್ಟಿಂದ ಶುರು ಮಾಡಿದೆ. ಕೂತುಬಿಡ್ತು. ಫೋನಿನ ಗಿಟಾರ್ ಯಾವುದು, ನನ್ನದು ಯಾವುದು ಗೊತ್ತಾಗದ ಹಂಗೆ ಕೂತುಬಿಡ್ತು. ಹಂಗೆ ನುಡಿಸಿದರೆ 15ನೇ ಫ್ರೆಟ್ಟೇ ಬೇಕಾಗಲ್ಲ, 14ಕ್ಕೇ ಮುಗಿಯುತ್ತೆ. ಹಳೇ ಗಿಟಾರಲ್ಲೂ ಸಲೀಸಾಗಿ ಆಗ್ತಿತ್ತು.

ಆಮೇಲೆ ಹುಡುಕಿ ನೋಡಿದೆ. ಆ ಬ್ಯಾಂಡಿನವರು ಆರೂ ತಂತಿಯನ್ನ ಅರ್ಧ ಸ್ವರ ಕೆಳಗಿಳಿಸಿ ರೆಕಾರ್ಡ್ ಮಾಡಿದ್ದಾರೆ. ಗಿಟಾರ್ ಗೊತ್ತಿರೋರಿಗೆಲ್ಲ ಗೊತ್ತಿರೋ ವಿಷಯ. ನಿರ್ವಾಣ ಬ್ಯಾಂಡಿನ 1991ರ ಕಮ್ ಆ್ಯಸ್ ಯು ಆರ್ ಇನ್ನೂ ಕೆಳಗೆ, ಪೂರ್ತಿ ಒಂದು ಸ್ವರ. ಅದು ಮೂರನೇ ತಿಂಗಳ ಪಾಠದಲ್ಲಿತ್ತು. ಅಲ್ಲೂ ನನ್ನ ಕಿವೀನೇ ಬೈಸಿಕೊಳ್ತಿತ್ತೇನೋ.

ಇನ್ನೊಂದು. ಡಿ ಮೇಜರ್ ಸ್ಕೇಲಲ್ಲಿ ಇರೋದು ಸಿ ಶಾರ್ಪ್, ಸ್ವೀಟ್ ಚೈಲ್ಡ್ ಹಾಡಿಗೆ ಡಿ ಆದಮೇಲೆ ಬರೀ ಸಿ ಕಾರ್ಡ್ ಯಾಕೆ ಬರುತ್ತೆ ಅಂತ ಕ್ಲಾಸಲ್ಲಿ ಕೇಳಿದ್ದೆ. "ರಾಕಲ್ಲಿ ರೂಲ್ಸ್ ಇರಲ್ಲ ಅಣ್ಣ" ಅಂದಿದ್ದರು. ಅಜ್ಜನಿಗೆ ಅದೇ ಜಾಗ ನುಡಿಸಿ ತೋರಿಸಿದೆ. "ನಿಷಾದ ಕೋಮಲ ಆಗೈತಿ, ಖಮಾಜ್ ಥಾಟ್ ಇದ್ದಂಗೆ" ಅಂದರು. ಒಂದೇ ಮಾತು. ಅಂದರೆ ಏಳನೇ ಸ್ವರ ನಿಷಾದ ಅರ್ಧ ಸ್ವರ ಕೆಳಗಿಳಿದು ಸಿ ಆಗಿದೆ. ಅಂಥ ಸ್ವರಗಳ ಸಾಲಿಗೆ ಹಿಂದೂಸ್ತಾನಿಯಲ್ಲಿ ಖಮಾಜ್ ಥಾಟ್ ಅಂತಾರೆ, ಪಾಶ್ಚಾತ್ಯರು ಮಿಕ್ಸೊಲಿಡಿಯನ್ ಅಂತಾರೆ. 9,000 ಕೊಟ್ಟು ಸೇರಿದ್ದು ಇಂಥ ಒಂದು ಮಾತು ಕೇಳೋಕೆ. ಅದು ಸಿಕ್ಕಿದ್ದು ಭಜನೆ ಕಟ್ಟೆ ಮೇಲೆ, ಒಂದು ರೂಪಾಯಿ ತಗೊಳ್ಳದ ಮನುಷ್ಯನಿಂದ.

ಮಾರನೇ ದಿನ ಕ್ಲಾಸಿಗೆ ಹೋಗಿ ನೇರ ಕೇಳಿದೆ. ಉತ್ತರ ಹಂಗಂಗೇ ಬರೀತೀನಿ.

"ಸರ್, ಆ ಹಾಡಿಗೆ ತಂತಿ ಇಳಿಸಬೇಕು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಅಣ್ಣ. ಅದು ಅಡ್ವಾನ್ಸ್ ಟಾಪಿಕ್, ಲೆವೆಲ್ ಎರಡಲ್ಲಿ ಬರುತ್ತೆ. ಅದರ ಫೀಸ್ ಬೇರೆ."

"ಮತ್ತೆ ನೆಕ್ ಬೆಂಡ್ ಆಗಿದೆ ಅಂದಿದ್ದು?"

"ಆವಾಗ ಹಂಗೆ ಕಾಣ್ತಿತ್ತು."

ಆವಾಗ ಹಂಗೆ ಕಾಣ್ತಿತ್ತು! ಮುಖದಲ್ಲಿ ಒಂಚೂರು ಅಳುಕಿಲ್ಲ. ಹಳೇ ಗಿಟಾರ್ ವಾಪಸ್ ಕೊಡಿ, 1,000 ಕೊಡ್ತೀನಿ ಅಂದೆ. "ಅದು ರಿಪೇರಿ ಆಗ್ಲಿಲ್ಲ, ಗುಜರಿಗೆ ಹಾಕಿದೆ" ಅಂದರು.

ಮೆಟ್ಟಿಲು ಇಳಿದು ಬರ್ತಿದ್ದೆ. ಪಿಯು ಓದೋ ಹುಡುಗ ಒಬ್ಬ ಗಿಟಾರ್ ಬ್ಯಾಗಿಗೆ ಹಾಕ್ತಿದ್ದ. ತಿರುಗಿಸಿದಾಗ ಹಿಂಭಾಗ ಕಾಣಿಸ್ತು. "ಅ". ಒತ್ತು ಜಾಸ್ತಿ ಆಗಿ ಬಾಲ ಉದ್ದ ಎಳೆದಿರೋ ಅದೇ "ಅ". ಕಾಲು ಅಲ್ಲೇ ನಿಂತುಬಿಡ್ತು. ಎಲ್ಲಿ ತಗೊಂಡ್ಯಪ್ಪ ಅಂತ ಕೇಳಿದೆ. "ಸರ್ ಹತ್ರಾನೇ ಅಂಕಲ್, ಸೆಕೆಂಡ್ ಹ್ಯಾಂಡು, 6,000. ನೆಕ್ ಪಕ್ಕಾ ಸ್ಟ್ರೈಟ್ ಇದೆ ಅಂದ್ರು." ಆ ಹುಡುಗನ ಮುಂದೆ ನನಗೆ ಮಾತೇ ಹೊರಡಲಿಲ್ಲ. ಚೆನ್ನಾಗಿ ಕಲಿ ಅಂತಷ್ಟೇ ಹೇಳಿ ಬಂದೆ.

ರಾತ್ರಿ ವಾಟ್ಸಾಪಲ್ಲಿ ಬರೆದೆ. ನನಗೆ ಬೆಂಡ್ ಆಗಿದ್ದ ನೆಕ್ ಆ ಹುಡುಗನಿಗೆ ಹೆಂಗೆ ನೆಟ್ಟಗಾಯ್ತು ಅಂತ. ಬಂದ ಉತ್ತರ: "ಸರ್ವಿಸ್ ಮಾಡಿಸಿದೆ ಅಣ್ಣ." ಬೆಳಿಗ್ಗೆ ಗುಜರಿ, ರಾತ್ರಿ ಸರ್ವಿಸ್. ಆಮೇಲೆ, "ನಾನು ಬಲವಂತ ಮಾಡಿದ್ನಾ? ನೀವೇ ಇಷ್ಟಪಟ್ಟು ತಗೊಂಡಿದ್ದು. ಒಳ್ಳೆ ಗಿಟಾರ್ ಮನೇಲಿದೆ, ಖುಷಿಪಡಿ." ಅದಾದಮೇಲೆ ಬರೆದದ್ದಕ್ಕೆಲ್ಲ ಬರೀ ನೀಲಿ ಟಿಕ್. ಈಗ ಅದೂ ಇಲ್ಲ, ಬ್ಲಾಕ್ ಮಾಡಿರಬೇಕು. ಅಕ್ಕನಿಗೆ ಇನ್ನೂ ಹೇಳಿಲ್ಲ. ಫೋನ್ ಮಾಡಿದಾಗೆಲ್ಲ "ಗಿಟಾರ್ ನುಡಿಸೋ" ಅಂತಾಳೆ.

ಸೇರೋಕೆ ಮುಂಚೆ ಇಷ್ಟು ಮಾಡಿ. ನಿಮಗೆ ಕಲಿಯಬೇಕು ಅನ್ನಿಸಿದ ಹಾಡನ್ನ ನಿಮ್ಮ ಫೋನಲ್ಲೇ ಹಾಕಿ, ಅದರ ಜೊತೆಗೇ ನುಡಿಸಿ ತೋರಿಸಿ ಅಂತ ಕೇಳಿ. ಒಬ್ಬರೇ ನುಡಿಸಿದ್ದನ್ನ ನೋಡಿ ಮರುಳಾಗಬೇಡಿ. ಫೀಸು ತಿಂಗಳಿಗೊಂದು ಸಲ ಕೊಡಿ. ಕಲಿಸೋರ ಹತ್ತಿರ ಗಿಟಾರ್ ತಗೋಬೇಡಿ, ಬಿಲ್ ಇಲ್ಲದೆ ಅಂತೂ ಬೇಡವೇ ಬೇಡ. ನಿಮ್ಮ ಗಿಟಾರ್ ಸರಿ ಇಲ್ಲ ಅಂದರೆ ಅಲ್ಲೇ ಟ್ಯೂನರ್ ಹಾಕಿ ಖಾಲಿ ತಂತಿ ಮೀಟಿ, ಆಮೇಲೆ ಅದೇ ತಂತಿ 12ನೇ ಫ್ರೆಟ್ ಒತ್ತಿ ಮೀಟಿ. ಎರಡೂ ಸಲ ಅದೇ ಸ್ವರ ತೋರಿಸಿ, ಮುಳ್ಳು ನಡುವೆ ನಿಂತರೆ ಅಪಸ್ವರದ ತಪ್ಪು ಹೆಚ್ಚಾಗಿ ಗಿಟಾರಿಂದಲ್ಲ. ಒಂದು ನಿಮಿಷದ ಕೆಲಸ, ನನಗೆ ಆಗ ಯಾರೂ ಹೇಳಲಿಲ್ಲ.

ಕೊನೇದಾಗಿ, ಹಿಂಭಾಗದಲ್ಲಿ "ಅ" ಗೀಚಿರೋ ಗಿಟಾರ್ ಯಾರ ಮನೇಲಿದೆಯೋ ಅವರಿಗೆ. ಅದರ ನೆಕ್ ಸರಿಯಾಗೇ ಇದೆ. ನಾಳೆ ನಿಮ್ಮ ಮಗನಿಗೂ ಬೆಂಡ್ ಆಗಿದೆ ಅಂತ ಹೇಳಿ ಹೊಸದು ತೋರಿಸ್ತಾರೆ, ಕೊಡಬೇಡಿ. ಹುಡುಗ ನುಡಿಸ್ತಾ ಇರಲಿ, ನನಗೆ ಸಂತೋಷಾನೇ. ಯಾವತ್ತಾದರೂ ಬೇಡ ಅನ್ನಿಸಿದರೆ ಮಾತ್ರ ನನಗೊಂದು ಮಾತು ತಿಳಿಸಿ. ನೀವು ಕೊಟ್ಟ 6,000 ಪೂರ್ತಿ ಕೊಟ್ಟು ನಾನೇ ಬಂದು ತಗೊಂಡು ಹೋಗ್ತೀನಿ.